ಕ್ವೀನಿಯ ನಲವತ್ತೆರಡನೇ ಹಾರಾಟ

ಇಸ್ಮಾಯಿಲಿಯಾ, ಈಜಿಪ್ಟ್
೯ ಮಾರ್ಚ್ ೧೯೮೧

ಮಾನ್ಯ ಮಿಸ್ ಕೆಟಲ್‌ವೆಲ್ ಅವರಿಗೆ,

ನಮ್ಮ ಅಳಿಯ ಮೀನು ಕಟ್ಟಿಸಿಕೊಂಡು ಬಂದ ಇಂಗ್ಲಿಷ್ ಪತ್ರಿಕೆಯ ಹಾಳೆಯಲ್ಲಿ ನಿಮ್ಮ ಪ್ರಕಟಣೆ ಇತ್ತು. ಎಣ್ಣೆ ಹತ್ತಿ ಅರ್ಧ ಅಕ್ಷರ ಅಳಿಸಿದ್ದರೂ ‘೧೯೪೨’, ‘ಕಾಲುವೆ ಪಕ್ಕದ ವಿಮಾನನೆಲೆ’, ‘ಕ್ಯೂ ಅಕ್ಷರದ ವೆಲಿಂಗ್ಟನ್ ಬಾಂಬರ್’ ಎಂಬಷ್ಟು ಓದಲು ಬಂತು. ಅಲ್ಲಿ ಕೆಲಸ ಮಾಡಿದ ಈಜಿಪ್ಟಿನವರು ಯಾರಾದರೂ ಬದುಕಿದ್ದರೆ ಬರೆಯಿರಿ ಎಂದಿದ್ದೀರಿ. ಬದುಕಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಕೈರೋದ ಕಾಲೇಜಿನಲ್ಲಿ ಎರಡು ವರ್ಷ ಕಲಿತ ಇಂಗ್ಲಿಷ್ ನನ್ನದು. ಅಪ್ಪ ತೀರಿಕೊಂಡ ವರ್ಷ ಅದೂ ನಿಂತಿತು. ಅರ್ಧ ಮರೆತಿದೆ, ಉಳಿದರ್ಧಕ್ಕೆ ತುಕ್ಕು ಹಿಡಿದಿದೆ. ಆಗಿದ್ದು, ಆಗುವುದು, ಆಗಬಹುದಾಗಿದ್ದುದು, ಎಲ್ಲ ಕಾಲಗಳೂ ನನ್ನ ಕೈಯಲ್ಲಿ ಸಿಕ್ಕುಸಿಕ್ಕಾಗುತ್ತವೆ. ನೀವು ಶಾಲೆಯ ಟೀಚರ್ ಆಗಿರದಿದ್ದರೆ ನನ್ನ ಪುಣ್ಯ.

ನನ್ನ ಹೆಸರು ಶಹಾತಾ ಅಬ್ದೆಲ್ ಗವ್ವಾದ್. ಶಹಾತಾ ಎಂದರೆ ತಿರುಪೆ ಎತ್ತಿ ತಂದದ್ದು. ನನಗಿಂತ ಮುಂಚೆ ಹುಟ್ಟಿದ ಮೂವರೂ ಉಳಿಯದ ಕಾರಣ ಅಮ್ಮ ಏಳು ಮನೆಯಲ್ಲಿ ಬೇಡಿ ಬಂದು ಆ ಹೆಸರಿಟ್ಟಳು. ತಿರುಪೆಯ ಮಗುವಿನ ಮೇಲೆ ಯಾರು ಕಣ್ಣು ಹಾಕುತ್ತಾರೆ ಹೇಳಿ. ಆ ವಿಮಾನದ ಪೈಲಟ್ ಲೈಟ್‌ಫುಟ್ ಇದನ್ನು ಕೇಳಿದಾಗಿನಿಂದ ಊಟದ ಹೊತ್ತಿಗೆ ನನ್ನನ್ನು ಕಂಡರೆ, “ಬಾರಪ್ಪಾ ಭಿಕ್ಷುಕ, ಇವತ್ತು ಬಿಸ್ಕತ್ತು ಮಾತ್ರ” ಎನ್ನುತ್ತಿದ್ದರು.

ಆಗ ನನಗೆ ಇಪ್ಪತ್ತೊಂದು ವರ್ಷ. ಮೊದಲು ನಾನು ಮಣ್ಣು ಹೊರುವ ಗುಂಪಿನಲ್ಲಿದ್ದೆ. ಕ್ಯೂ ಅಕ್ಷರದಿಂದ ಕ್ವೀನಿ ಎನಿಸಿಕೊಂಡ ಆ ವಿಮಾನದ ಮೈ ಬಟ್ಟೆಯದು ಎಂದು ನಿಮಗೆ ಗೊತ್ತಿರಬಹುದು: ಒಳಗೆ ಬುಟ್ಟಿ ಹೆಣೆದ ಹಾಗೆ ಅಲ್ಯುಮಿನಿಯಂ ಪಟ್ಟಿ, ಮೇಲೆ ಬಿಗಿದು ಹೊಲಿದ ಲಿನನ್. ನಮ್ಮಪ್ಪ ದರ್ಜಿ, ನನ್ನ ಕೈಗೆ ಸೂಜಿ ಚೆನ್ನಾಗಿ ಕೂರುತ್ತದೆ ಎಂದು ತಿಳಿದ ಮೆಕ್ಯಾನಿಕ್ ಕಾರ್ಪೊರಲ್ ಡಗ್ಗನ್ ನನ್ನನ್ನು ವಿಮಾನಕ್ಕೆ ಹಾಕಿದ. ಗುಂಡು ತೂರಿದ ಕಡೆ ತೇಪೆ ಹೊಲಿದು, ಮೇಲೆ ಒಂದು ಕೆಂಪು ಅಂಟು ಬಳಿಯುವುದು. ಅದಕ್ಕೆ ಕಳಿತ ಬಾಳೆಹಣ್ಣಿನ ವಾಸನೆ. “ಒಬ್ಬನೇ ಹಣ್ಣು ತಿಂದು ಬರ್ತೀಯಲ್ಲೋ, ನಿನ್ನ ಹೊಟ್ಟೆ ಸೇದಿಹೋಗ!” ಎಂದು ಅಮ್ಮ ಬೈಯುತ್ತಿದ್ದಳು.

ಕ್ವೀನಿ ನಮ್ಮಲ್ಲಿಗೆ ಬಂದದ್ದು ಫೆಬ್ರವರಿಯಲ್ಲಿ, ಮಾಲ್ಟಾ ದಾಟಿ. ಬರುವಾಗಲೇ ಬಲರೆಕ್ಕೆಯಲ್ಲಿ ಹನ್ನೊಂದು ತೂತು. ಜೂನ್‌ವರೆಗೆ ಬೆಂಗಾಝಿಗೆ ಹೋಗುತ್ತಿತ್ತು, ಆಮೇಲೆ ಬರೀ ಟೊಬ್ರುಕ್. ಮೇ ತಿಂಗಳಲ್ಲಿ ಎಡ ಎಂಜಿನ್ ಬದಲಾಯಿತು, ಆಗಸ್ಟಿನಲ್ಲಿ ಬಲದ್ದು. ನಾನು ಹಾಕಿದ ತೇಪೆ ಇನ್ನೂರ ಹದಿನಾರು. ನಾವು ಅದನ್ನು ಸಿತ್ತ್ ಕ್ವೀನಿ, ಅಂದರೆ ಕ್ವೀನಿಯಮ್ಮ ಎನ್ನುತ್ತಿದ್ದೆವು. ನಲವತ್ತೊಂದು ಸಲ ಹೋಗಿ ಬಂದಳು.

ದಾರಿಯ ಲೆಕ್ಕ ಹಾಕುವ ನ್ಯಾವಿಗೇಟರ್ ಮಿಸ್ಟರ್ ಎಡ್ವಿನ್ ಅವರದೂ ನಿಮ್ಮ ಮನೆತನದ್ದೇ ಹೆಸರು. ನಿಮಗೆ ಏನಾಗಬೇಕು? ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡೇ ಊಟ ಮಾಡುತ್ತಿದ್ದರು. ಪೆನ್ಸಿಲು ಚೂಪು ಮಾಡಲು ನನ್ನ ಕತ್ತರಿಯೇ ಬೇಕು ಅವರಿಗೆ.

“ದರ್ಜಿ, ಕತ್ತರಿ ಕೊಡೋ.”

“ಬಟ್ಟೆ ಕತ್ತರಿ ಸಾರ್, ಮರ ಕಡಿದ್ರೆ ಮೊಂಡಾಗುತ್ತೆ.”

“ನೀನೇ ಮೊಂಡ. ಕೊಡು ಅಂದ್ರೆ ಕೊಡು.”

ಆ ಆಗಸ್ಟ್ ೨೬ರ ಸಂಜೆ ಹೋದ ಕ್ವೀನಿ ಬರಲಿಲ್ಲ. ಟೊಬ್ರುಕ್ ಬಂದರಿನ ತೋಪಿಗೆ ಸಿಕ್ಕಿ ಸಮುದ್ರಕ್ಕೆ ಬಿತ್ತು ಎಂದು ನಮಗೆ ಹೇಳಿದರು. ಅದು ಹಾಗೇ ತಾನೇ? ನಿಮ್ಮ ಬಳಿ ದಾಖಲೆ ಇರುತ್ತವೆ. ಸಮುದ್ರಕ್ಕೇ ಬಿತ್ತು ಎಂದು ಒಂದು ಸಾಲು ಬರೆದರೆ ಈ ಮುದುಕನಿಗೆ ಸಮಾಧಾನ. ನನ್ನ ಹೆಂಡತಿ ದೌಲತ್ ಹೋದ ರಮದಾನಿನಲ್ಲಿ ತೀರಿಕೊಂಡಳು. ಅವಳಿದ್ದಿದ್ದರೆ ಈ ಕಾಗದ ಬರೆಯಲು ಬಿಡುತ್ತಿರಲಿಲ್ಲ.

ನಿಮ್ಮ ವಿಧೇಯ ಸೇವಕ,
ಶಹಾತಾ ಅಬ್ದೆಲ್ ಗವ್ವಾದ್


ಲೌತ್, ಲಿಂಕನ್‌ಶೈರ್
೨ ಏಪ್ರಿಲ್ ೧೯೮೧

ಮಾನ್ಯ ಮಿ. ಗವ್ವಾದ್ ಅವರಿಗೆ,

ಎಡ್ವಿನ್ ನನ್ನ ಅಣ್ಣ, ನನಗಿಂತ ಆರು ವರ್ಷ ದೊಡ್ಡವನು. ಪೆನ್ಸಿಲಿನ ಸಂಗತಿ ಓದಿ ಅಡುಗೆಮನೆಯಲ್ಲಿ ನಿಂತೇ ಅತ್ತೆ. ಇಲ್ಲಿ ಅಮ್ಮನ ಕತ್ತರಿಯನ್ನೂ ಹಾಗೇ ಹಾಳು ಮಾಡಿದ್ದ. ಅಂದಹಾಗೆ ನಾನು ಮೂವತ್ತೊಂದು ವರ್ಷ ಶಾಲೆಯ ಟೀಚರೇ ಆಗಿದ್ದೆ. ನಿಮ್ಮ ಕಾಲಗಳನ್ನು ತಿದ್ದುವುದಿಲ್ಲ.

ನೀವು ಕೇಳಿದ ಸಮಾಧಾನದ ಸಾಲು ನನ್ನಲ್ಲಿಲ್ಲ. ಕಳೆದ ನವೆಂಬರಿನಲ್ಲಿ ತೈಲ ಹುಡುಕುವ ತಂಡವೊಂದು ಫಯ್ಯೂಮಿನ ಪಶ್ಚಿಮದ ಮರಳಿನಲ್ಲಿ ಕ್ವೀನಿಯನ್ನು ಕಂಡಿತು. ಬಾಂಬುಗಳನ್ನು ಹಾಕಿ ಮರಳುತ್ತಿತ್ತು. ರೇಡಿಯೋಗೆ ಗುಂಡು ಬಿದ್ದಿತ್ತು, ಎಂಜಿನ್‌ಗಳು ಸರಿಯಿದ್ದವು, ಪೆಟ್ರೋಲ್ ಮುಗಿದಿತ್ತು. ಬರಬೇಕಾದ ದಾರಿಗಿಂತ ಎಂಬತ್ತು ಮೈಲಿ ದಕ್ಷಿಣಕ್ಕೆ ಸರಿದಿತ್ತು. ನಾಲ್ವರು ರೆಕ್ಕೆಯ ಕೆಳಗೇ ಇದ್ದರು. ಬಾಲದ ಗನ್ನರ್ ಮತ್ತು ಎಡ್ವಿನ್ ನಡೆದು ಹೊರಟಿದ್ದರು. ಎಡ್ವಿನ್ ಸಿಕ್ಕಿದ್ದು ಹದಿನೇಳು ಮೈಲಿ ಪೂರ್ವಕ್ಕೆ. ಫಯ್ಯೂಮಿನ ಸರೋವರ ಇರುವುದು ಆ ದಿಕ್ಕಿನಲ್ಲೇ.

ಆ ವಿಮಾನದಳದ ಹಳಬರ ಸಂಘ ಪ್ರತಿಯೊಂದು ವಿಮಾನದ ಚರಿತ್ರೆಯನ್ನೂ ಪುಸ್ತಕವಾಗಿ ತರುತ್ತಿದೆ. ಸಂಪಾದಕರು ಕ್ವೀನಿಯ ಕೊನೆಯ ಸಾಲನ್ನು ಬರೆದಾಗಿದೆ: ‘ನ್ಯಾವಿಗೇಟರ್ ಎಡ್ವಿನ್ ಕೆಟಲ್‌ವೆಲ್ ಅವರ ಲೆಕ್ಕ ತಪ್ಪಿದ್ದರಿಂದ ನಷ್ಟವಾಯಿತು.’ ಅಂದರೆ ಐವರನ್ನು ಮರಳಿಗೆ ಕರೆದೊಯ್ದು ಕೊಂದವನು ನನ್ನ ಅಣ್ಣ. ಅವನ ಲೆಕ್ಕದ ಪುಸ್ತಕ ಅವನ ಎದೆಯ ಜೇಬಿನಲ್ಲೇ ಸಿಕ್ಕಿತು. ಪ್ರತಿ ಸಾಲನ್ನೂ ನಾನು ಮತ್ತೆ ಮಾಡಿ ನೋಡಿದ್ದೇನೆ, ಒಂದು ತಪ್ಪೂ ಇಲ್ಲ. ಸಂಪಾದಕರು, “ಅದು ತಂಗಿಯ ಕಣ್ಣು” ಎಂದು ನಗುತ್ತಾರೆ.

ಲೆಕ್ಕ ಸರಿಯಿದ್ದರೆ ದಿಕ್ಸೂಚಿ ತಪ್ಪಿರಬೇಕು. ಆ ದಿನ ನೀವು ಅಲ್ಲಿದ್ದಿರಿ. ಏನಾದರೂ ನೆನಪಿದೆಯೇ? ಸೆಪ್ಟೆಂಬರ್ ಕೊನೆಗೆ ಪುಸ್ತಕ ಅಚ್ಚಿಗೆ ಹೋಗುತ್ತದೆ.

ವಿಶ್ವಾಸದಿಂದ,
ವಿನಿಫ್ರೆಡ್ ಕೆಟಲ್‌ವೆಲ್


ಇಸ್ಮಾಯಿಲಿಯಾ
೨೮ ಏಪ್ರಿಲ್ ೧೯೮೧

ಮಾನ್ಯ ಮಿಸ್ ಕೆಟಲ್‌ವೆಲ್ ಅವರಿಗೆ,

ನಿನ್ನೆ ನಮ್ಮಲ್ಲಿ ವಸಂತದ ಹಬ್ಬ, ಊರಿಗೆ ಊರೇ ಉಪ್ಪುಮೀನು ಈರುಳ್ಳಿ ಕಟ್ಟಿಕೊಂಡು ಕಾಲುವೆ ದಂಡೆಗೆ ಹೋಗಿತ್ತು. ಮೊಮ್ಮಕ್ಕಳು ನನ್ನನ್ನೂ ಎಳೆದುಕೊಂಡು ಹೋದರು. ಅಲ್ಲಿ ಕೂತು ನಿಮ್ಮ ಕಾಗದವನ್ನು ಇನ್ನೊಮ್ಮೆ ಓದಿದೆ. ಹದಿನೇಳು ಮೈಲಿ ಆ ಮರಳಿನಲ್ಲಿ ಆಗಸ್ಟ್ ತಿಂಗಳಲ್ಲಿ ಹೇಗೆ ನಡೆದರೋ. ನಮ್ಮ ಒಂಟೆಯವರೂ ಹಗಲಲ್ಲಿ ನಡೆಯುವುದಿಲ್ಲ.

ನಿಮಗೆ ತಡವಾಗಿ ಬರೆಯುತ್ತಿರುವುದಕ್ಕೆ ಕಾರಣ ನನ್ನ ಕನ್ನಡಕ. ಅಲ್ಲ, ಕನ್ನಡಕವೂ ಒಂದು ಕಾರಣ. ಅರವತ್ತೇಳರ ಯುದ್ಧದಲ್ಲಿ ಊರು ಬಿಟ್ಟು ಏಳು ವರ್ಷ ನೆಂಟರ ಮನೆಯಲ್ಲಿದ್ದು ಬಂದಾಗ ನಮ್ಮ ಮನೆಗೆ ಗೋಡೆ ಮೂರೇ ಇದ್ದವು. ಆಗ ನನ್ನ ಹಳೆಯ ಕಾಗದಪತ್ರ, ಡಗ್ಗನ್ ಬರೆದುಕೊಟ್ಟ ಶಿಫಾರಸು ಪತ್ರ ಎಲ್ಲ ಹೋದವು. ಆದ್ದರಿಂದ ನೆನಪಲ್ಲಿ ಇರುವುದಷ್ಟೇ ಬರೆಯಬಲ್ಲೆ.

ಆ ದಿನ ಬೆಳಿಗ್ಗೆ ಕ್ವೀನಿಯ ದಿಕ್ಸೂಚಿಯನ್ನು ತಾಳೆ ನೋಡಿದರು. ಹೊಸ ಎಂಜಿನ್ ಹಾಕಿದ ಮೇಲೆ ಹಾಗೆ ಮಾಡಲೇಬೇಕು. ಓಡುದಾರಿಯಿಂದ ದೂರ, ಲಾರಿ ಪೀಪಾಯಿ ಯಾವುದೂ ಇಲ್ಲದ ಕಡೆ, ಸುಣ್ಣ ಬಳಿದ ಕಲ್ಲುಗಳ ಒಂದು ವೃತ್ತ. ಅದರ ನಡುವೆ ಕ್ವೀನಿಯನ್ನು ನಿಲ್ಲಿಸಿ ಎಂಟು ಮಂದಿ ಬಾಲ ಹಿಡಿದು ಒಂದೊಂದು ದಿಕ್ಕಿಗೂ ತಿರುಗಿಸಬೇಕು. ಹೊರಗೆ ಒಬ್ಬ ಅಧಿಕಾರಿ ಮುಕ್ಕಾಲಿಯ ಮೇಲೆ ಇನ್ನೊಂದು ದಿಕ್ಸೂಚಿ ಇಟ್ಟು ಕೂಗುವುದು, ಒಳಗಿಂದ ಮಿಸ್ಟರ್ ಎಡ್ವಿನ್ ಕೂಗುವುದು. ಎರಡರ ವ್ಯತ್ಯಾಸವನ್ನು ಚೀಟಿಯಲ್ಲಿ ಬರೆದು ದಿಕ್ಸೂಚಿಯ ಪಕ್ಕ ಅಂಟಿಸುವುದು. ಕಬ್ಬಿಣ ಹತ್ತಿರ ಸುಳಿಯಬಾರದು. ಡಗ್ಗನ್ ನಮ್ಮನ್ನು ಸಾಲಾಗಿ ನಿಲ್ಲಿಸಿ ಜೇಬು ತಡವಿದ.

“ಕೀಲಿ, ಚಾಕು, ಬೆಲ್ಟಿನ ಬಕಲ್ಲು, ಎಲ್ಲಾ ಇಲ್ಲಿ ಹಾಕ್ರಿ. ಬಾಯಲ್ಲಿ ಚಿನ್ನದ ಹಲ್ಲಿದ್ರೆ ಇಟ್ಕೊಳ್ಳಿ, ಕಬ್ಬಿಣದ್ದಿದ್ರೆ ಕಿತ್ತಿಡಿ!”

“ಕಾರ್ಪೊರಲ್, ನಮ್ಮ ಹಸನ್‌ದು ತಲೇನೇ ಕಬ್ಬಿಣ. ಏನ್ಮಾಡೋಣ?”

“ಅವನ್ನ ಅಲೆಕ್ಸಾಂಡ್ರಿಯಾಗೆ ಕಳಿಸು!”

ಬಕಲ್ಲು ತೆಗೆದು ಬಾಲ ತಳ್ಳುವಾಗ ಹಸನ್‌ನ ಪ್ಯಾಂಟು ಜಾರಿತು, ಒಳಗಿಂದ ಮಿಸ್ಟರ್ ಎಡ್ವಿನ್ ನಗುತ್ತಾ ಅಂಕಿ ತಪ್ಪಿ, ಆ ದಿಕ್ಕನ್ನು ಮತ್ತೆ ಮೊದಲಿನಿಂದ ಮಾಡಿಸಿದರು. ಹಾಗಿದ್ದರು ನಿಮ್ಮಣ್ಣ, ಒಂದು ಅಂಕಿಗೆ ಎಂಟು ಜನರನ್ನು ಬಿಸಿಲಲ್ಲಿ ಕಾಯಿಸುವವರು.

ಆಮೇಲೆ ಒಬ್ಬ ಪತ್ರಿಕೆಯವನು ಬಂದು ಕ್ವೀನಿಯ ಫೋಟೋ ತೆಗೆದ. ನಲವತ್ತೊಂದು ಸಲ ಹೋಗಿ ಬಂದ ವಿಮಾನ ಎಂದು ಎಲ್ಲರ ಎದುರು ಹೊಗಳಿದ. ನನಗೆ ಅದು ಹಿಡಿಸಲಿಲ್ಲ.

ದಿಕ್ಸೂಚಿ ಆ ಬೆಳಿಗ್ಗೆಯಷ್ಟೇ ಸರಿಯಾಗಿತ್ತು. ನಾನೇ ಬಾಲ ತಳ್ಳಿದವನು, ಆಣೆ ಇಟ್ಟು ಹೇಳಬಲ್ಲೆ. ಇನ್ನು ಗಾಳಿ ಇರಬಹುದು, ಮರಳಿನ ಮಬ್ಬು ಇರಬಹುದು. ಯುದ್ಧದಲ್ಲಿ ಯಾರ ತಪ್ಪು ಎಂದು ಹೇಗೆ ಹೇಳುವುದು. ಆ ಸಂಪಾದಕರಿಗೆ ದೇವರು ಒಳ್ಳೆಯ ಬುದ್ಧಿ ಕೊಡಲಿ.

ನಿಮ್ಮ,
ಶಹಾತಾ


ಲೌತ್
೧೧ ಮೇ ೧೯೮೧

ಪ್ರಿಯ ಶಹಾತಾ ಅವರೇ,

ಹಸನ್‌ನ ಪ್ಯಾಂಟು ಜಾರಿದ್ದಕ್ಕೆ ನಲವತ್ತು ವರ್ಷದ ಮೇಲೆ ನಾನೂ ನಕ್ಕೆ. ಅಣ್ಣ ನಗುತ್ತಾ ಅಂಕಿ ತಪ್ಪಿದ ಎಂದು ಓದುವ ಸುಖ ನೀವು ಕೊಟ್ಟದ್ದು.

ನಿಮ್ಮ ಸಾಕ್ಷಿಯನ್ನು ಪ್ರಾಮಾಣಿಕವಾಗಿ ಸಂಪಾದಕರಿಗೆ ತೋರಿಸಿದೆ. ಅದು ನನಗೆ ವಿರುದ್ಧವಾಗಿಯೇ ಬಂತು. ಆ ಬೆಳಿಗ್ಗೆ ದಿಕ್ಸೂಚಿ ಸರಿಯಿತ್ತು ಎನ್ನಲು ಈವರೆಗೆ ಯಾವ ದಾಖಲೆಯೂ ಇರಲಿಲ್ಲ. ಈಗ ನೀವಿದ್ದೀರಿ. “ಸರಿ, ಇನ್ನು ಉಳಿಯುವುದು ಮನುಷ್ಯನ ತಪ್ಪು ಮಾತ್ರ” ಎಂದರು. ನೀವು ನಿಜ ಹೇಳಿದ್ದೀರಿ, ಅದಕ್ಕೆ ನಾನು ಬೇಸರಪಡಬಾರದು.

ವಿಮಾನದಲ್ಲಿ ಸಿಕ್ಕಿದ ವಸ್ತುಗಳ ಪಟ್ಟಿಯನ್ನು ಇದರ ಜೊತೆ ಇಟ್ಟಿದ್ದೇನೆ. ಎರಡು ಚಹಾ ಫ್ಲಾಸ್ಕು, ಒಂದು ಬೂಟು, ನಕ್ಷೆಯ ಚೀಲ, ಹೀಗೆ. ಹದಿನಾಲ್ಕನೆಯದನ್ನು ನೋಡಿ: ಪೈಲಟ್ ಕೂರುವ ಜಾಗದ ಎಡಕ್ಕೆ ‘ಒಂದು ಸಣ್ಣ ಕಬ್ಬಿಣದ ಲಾಳ, ಹೇಸರಗತ್ತೆಯದಿರಬಹುದು’. ಯಾವುದೋ ಒಂಟೆ ಸಾರ್ಥದವರು ಆಮೇಲೆ ಬಂದು ಬಿಟ್ಟು ಹೋಗಿರಬೇಕು ಎಂದು ತೈಲ ಕಂಪನಿಯವರು ಬರೆದಿದ್ದಾರೆ. ಮರಳುಗಾಡಿಗೆ ಲಾಳ ಹಾಕಿದ ಪ್ರಾಣಿ ಯಾಕೆ ಬಂತೋ ನನಗೆ ತಿಳಿಯದು. ನಿಮಗೆ ಈ ಪಟ್ಟಿಯಿಂದ ಏನಾದರೂ ಹೊಳೆದರೆ ಸೆಪ್ಟೆಂಬರ್‌ಗೆ ಮುಂಚೆ ಒಂದು ಸಾಲು ಬರೆಯಿರಿ. ನಿಮ್ಮನ್ನು ಬಿಟ್ಟರೆ ನನಗೆ ಇನ್ನು ಯಾರೂ ಇಲ್ಲ.

ಪ್ರೀತಿಯಿಂದ,
ವಿನಿಫ್ರೆಡ್


ಲೌತ್
೩ ಅಕ್ಟೋಬರ್ ೧೯೮೧

ಪ್ರಿಯ ಶಹಾತಾ ಅವರೇ,

ಜೂನ್, ಜುಲೈ, ಆಗಸ್ಟ್‌ಗಳಲ್ಲಿ ಬರೆದ ಮೂರೂ ಕಾಗದಕ್ಕೆ ಉತ್ತರವಿಲ್ಲ. ನೀವು ಹಾಸಿಗೆ ಹಿಡಿದಿದ್ದೀರೋ ಏನೋ ಎಂದು ನನಗೆ ಆತಂಕ. ಆ ದಿನವನ್ನು ನೆನಪಿಸಿಕೊಳ್ಳಿ ಎಂದು ನಿಮ್ಮನ್ನು ಹಿಂಸಿಸಿದೆ, ಕ್ಷಮಿಸಿ.

ಮೊನ್ನೆ ನಾನು ಸೋತೆ. ಆ ಸಾಲಿಗೆ ಕುಟುಂಬದ ಆಕ್ಷೇಪಣೆಯಿಲ್ಲ ಎಂದು ಸಹಿ ಹಾಕಿದೆ. ಪೈಲಟ್ ಲೈಟ್‌ಫುಟ್ ಅವರ ಹೆಂಡತಿ ಐವಿ ಈಗ ಲೀಡ್ಸ್ ಊರಿನ ಆಸ್ಪತ್ರೆಯಲ್ಲಿದ್ದಾರೆ. ಮದುವೆಯಾಗಿ ಐದು ತಿಂಗಳಿಗೆ ವಿಧವೆಯಾದವರು, ಮತ್ತೆ ಮದುವೆಯಾಗಲಿಲ್ಲ. ಪುಸ್ತಕ ಬಂದ ಕೂಡಲೇ ಒಂದು ಪ್ರತಿ ಒಯ್ದು ಕೊಟ್ಟು ನಮ್ಮ ಮನೆಯ ಪರವಾಗಿ ಕ್ಷಮೆ ಕೇಳಿ ಬರಬೇಕೆಂದಿದ್ದೇನೆ. ಅಣ್ಣ ಮಾಡಿದ್ದನ್ನು ಯಾರಾದರೂ ಹೊರಬೇಕಲ್ಲ.

ಗುಣವಾಗಿರಿ.
ವಿನಿಫ್ರೆಡ್


ಇಸ್ಮಾಯಿಲಿಯಾ
೧೪ ಫೆಬ್ರವರಿ ೧೯೮೨

ಸಿತ್ತ್ ವಿನಿಫ್ರೆಡ್,

ನನಗೆ ಯಾವ ಕಾಯಿಲೆಯೂ ಇರಲಿಲ್ಲ. ನಿಮ್ಮ ಅಷ್ಟೂ ಕಾಗದಗಳು ಬಂದಿವೆ. ಅಕ್ಟೋಬರಿನದು ನಾಲ್ಕು ತಿಂಗಳಿಂದ ನನ್ನ ದಿಂಬಿನ ಕೆಳಗಿದೆ.

ಒಂಟೆ ಸಾರ್ಥದವರು ಯಾರೂ ಬಂದಿಲ್ಲ. ಆ ಲಾಳವನ್ನು ಅಲ್ಲಿಟ್ಟವನು ನಾನು.

ಬೆಳಿಗ್ಗೆ ದಿಕ್ಸೂಚಿ ಸರಿಯಿತ್ತು ಎಂದು ಬರೆದದ್ದು ನಿಜವೇ. ಮಧ್ಯಾಹ್ನದ್ದನ್ನು ಬರೆಯಲಿಲ್ಲ. ಆ ಪತ್ರಿಕೆಯವನು ಬಾಯ್ತುಂಬ ಹೊಗಳಿದ, ದೇವರ ಹೆಸರನ್ನು ಎತ್ತದೆ ಹೊಗಳಿದ, ಎಣಿಸಿ ಹೇಳಿದ. ನಮ್ಮಲ್ಲಿ ಮಕ್ಕಳನ್ನೂ ಎಣಿಸಿ ಹೇಳುವುದಿಲ್ಲ, ದೃಷ್ಟಿ ತಾಗುತ್ತದೆ. ಮೇ ತಿಂಗಳಲ್ಲಿ ಒಮ್ಮೆ ಕ್ವೀನಿಯ ಚಕ್ರದ ಕಾಲಿಗೆ ನಾನು ನೀಲಿ ಮಣಿ ಕಟ್ಟಿದ್ದೆ. ಡಗ್ಗನ್ ಕಿತ್ತು ಬಿಸಾಕಿ, “ಇದು ವಿಮಾನ ಕಣೋ, ನಿಮ್ಮ ಮದುವೆ ಕುದುರೆಯಲ್ಲ” ಎಂದಿದ್ದ. ಅದಕ್ಕೇ ಈ ಸಲ ಕಾಣದ ಹಾಗೆ ಇಡಬೇಕೆಂದುಕೊಂಡೆ. ನಮ್ಮ ಪಕ್ಕದ ಮನೆಯ ಗಾಡಿಯವನ ಬಿಳಿ ಕತ್ತೆ ರೈಲು ನಿಲ್ದಾಣದ ಮೇಲೆ ಬಾಂಬು ಬಿದ್ದ ದಿನ ಗಾಡಿ ಚೂರಾದರೂ ಗಾಯವಿಲ್ಲದೆ ಮನೆಗೆ ನಡೆದು ಬಂದಿತ್ತು. ಅದರ ಲಾಳಕ್ಕೆ ಬೇಡಿಕೆಯೋ ಬೇಡಿಕೆ. ಒಂದು ನನ್ನ ಕೈಗೆ ಸಿಕ್ಕಿತ್ತು. ಅದನ್ನು ಲಿನನ್ ಚೀಲದಲ್ಲಿ ಹಾಕಿ, ಪೈಲಟ್ಟರ ಎಡಮೊಣಕಾಲಿನ ಹತ್ತಿರ ಬಟ್ಟೆಯ ಗೋಡೆಗೆ ಒಳಗಿನಿಂದ ಹೊಲಿದೆ. ಒಂದು ಗೇಣು ಮುಂದೆ ದಿಕ್ಸೂಚಿ.

ನೀವು ಕೇಳಬಹುದು: ಬೆಳಿಗ್ಗೆ ತಾನೇ ಬಕಲ್ಲು ಬಿಚ್ಚಿಟ್ಟು ಬಾಲ ತಳ್ಳಿದವನಿಗೆ ಗೊತ್ತಾಗಲಿಲ್ಲವೇ? ದರ್ಜಿಯ ಮಗ ನಾನು, ಸಿತ್ತ್. ಅಂಗಡಿಯಲ್ಲಿ ಅಪ್ಪ ಗಿರಾಕಿಗೆ, “ಅಳತೆ ತಗೊಳ್ಳೋವಾಗ ನೆಟ್ಟಗೆ ನಿಂತ್ಕೊಳ್ಳಿ, ಜೇಬು ಖಾಲಿ ಮಾಡಿ” ಎನ್ನುತ್ತಿದ್ದ. ಅಳತೆ ಪುಸ್ತಕಕ್ಕೆ ಹತ್ತಿದ ಮೇಲೆ ಗಿರಾಕಿ ಜೇಬಿಗೆ ಕಲ್ಲು ತುಂಬಿಕೊಂಡರೂ ಅಪ್ಪನಿಗೇನು? ದಿಕ್ಸೂಚಿಯದೂ ಹಾಗೇ ಎಂದುಕೊಂಡಿದ್ದೆ. ಅಳತೆ ತೆಗೆದಾಯಿತು, ಚೀಟಿ ಅಂಟಿಸಿಯಾಯಿತು. ಕಬ್ಬಿಣ ಬೇಡ ಎಂಬುದು ಅಷ್ಟು ಹೊತ್ತಿನ ಮಡಿ ಎಂದೇ ತಿಳಿದಿದ್ದೆ.

ಹೊಲಿದು ಏಣಿ ಇಳಿಯುವಾಗ ಮಿಸ್ಟರ್ ಎಡ್ವಿನ್ ನಕ್ಷೆ ಹಿಡಿದು ಮೇಲೆ ಬರುತ್ತಿದ್ದರು.

“ಏನೋ ದರ್ಜಿ, ಅಲ್ಲೇನು ಹೊಲೀತಿದ್ದೆ?”

“ಸಣ್ಣ ಹರಕು ಸಾರ್. ಹಾಕ್ಬಿಟ್ಟೆ.”

“ಗಟ್ಟಿಯಾಗಿ ಹಾಕಿದ್ದೀಯಾ?”

“ಬಿಚ್ಚಲ್ಲ ಸಾರ್.”

ನಾವಾಡಿದ ಕೊನೆಯ ಮಾತು ಅದೇ.

ಒಂಬತ್ತು ವರ್ಷ ನನಗೆ ಏನೂ ಗೊತ್ತಿರಲಿಲ್ಲ. ೧೯೫೧ರಲ್ಲಿ ನೀರು ಇಲಾಖೆಯಲ್ಲಿ ಗುಮಾಸ್ತನಾಗಿದ್ದಾಗ ಭೂಮಾಪಕ ರಿಯಾದ್ ಎಫೆಂದಿಯ ಜೊತೆ ನಾಲೆಯ ಅಳತೆಗೆ ಹೋಗಿದ್ದೆ. ಆತ ದಿಕ್ಸೂಚಿ ನೋಡುತ್ತಾ, “ಸ್ವಲ್ಪ ಆಚೆ ನಿಲ್ರೀ ಶಹಾತಾ, ನಿಮ್ಮ ಕೀಲಿಗೊಂಚಲು ನನ್ನ ಸೂಜಿನ ಎಳೀತಿದೆ” ಎಂದ.

“ಬೆಳಿಗ್ಗೇನೇ ತಾಳೆ ನೋಡಿದ್ರಲ್ಲ?” ಎಂದೆ.

“ಸೂಜಿಗೇನ್ರೀ ಗೊತ್ತು ಬೆಳಿಗ್ಗೆ ಮಧ್ಯಾಹ್ನ? ಕಬ್ಬಿಣ ಯಾವಾಗ ಬಂದ್ರೂ ಅದು ವಾಲುತ್ತೆ.”

ನಾನು ನಾಲೆಯ ದಂಡೆಯ ಮೇಲೆ ಕೂತುಬಿಟ್ಟೆ. ಬಿಸಿಲು ಬಡಿಯಿತು ಎಂದು ಆತ ನೀರು ತಂದುಕೊಟ್ಟ. ಅಂದಿನಿಂದ ನಾನು ಸಮುದ್ರವನ್ನು ಹಿಡಿದುಕೊಂಡಿದ್ದೆ. ಸಮುದ್ರಕ್ಕೆ ಬಿದ್ದಿದ್ದರೆ ತೋಪಿನದು ತಪ್ಪು, ನನ್ನದಲ್ಲ. ನಿಮಗೆ ಮೊದಲ ಕಾಗದ ಬರೆದದ್ದು ಕ್ವೀನಿಯ ಚರಿತ್ರೆ ಹೇಳಲು ಅಲ್ಲ, ಆ ಒಂದು ಸಾಲು ಪಡೆಯಲು. ಹೋಗುವಾಗ ಕಡಲ ದಂಡೆ ಕಣ್ಣಿಗೆ ಕಾಣುತ್ತಿತ್ತು, ದಿಕ್ಸೂಚಿ ಬೇಕಿರಲಿಲ್ಲ. ಬರುವಾಗ ಮಬ್ಬು, ರೇಡಿಯೋ ಇಲ್ಲ. ನಿಮ್ಮಣ್ಣ ಸರಿಯಾದ ದಿಕ್ಕನ್ನೇ ಹೇಳಿದರು. ಪೈಲಟ್ ಸೂಜಿಯನ್ನು ನಂಬಿದರು. ಸೂಜಿ ನನ್ನ ಲಾಳದ ಮಾತು ಕೇಳಿತು.

ಹೋದ ಮೇ ತಿಂಗಳಲ್ಲೇ ಇದನ್ನು ಬರೆಯಬೇಕಿತ್ತು. ದಿನಾ ಕಾಗದ ತೆಗೆದಿಟ್ಟೆ. ನಾಳೆ ನಾಳೆ ಎಂದು ಸೆಪ್ಟೆಂಬರ್ ಹೋಯಿತು. ಈ ಕಾಗದವನ್ನು ಸಂಪಾದಕರಿಗೆ ಕೊಡಿ. ಐವಿಯಮ್ಮನವರಿಗೂ ಓದಿ ಹೇಳಿ.

ಶಹಾತಾ


ಲೌತ್
೧ ಮಾರ್ಚ್ ೧೯೮೨

ಮಿ. ಗವ್ವಾದ್,

ಐವಿ ಲೈಟ್‌ಫುಟ್ ಅವರಿಗೆ ಓದಿ ಹೇಳಲಾಗುವುದಿಲ್ಲ. ಅವರು ಡಿಸೆಂಬರ್ ೬ರಂದು ತೀರಿಕೊಂಡರು.

ನವೆಂಬರಿನಲ್ಲಿ ಪುಸ್ತಕ ಹಿಡಿದು ಹೋಗಿದ್ದೆ. ಪುಟ ತೆರೆದು ತೋರಿಸಿ, ನಮ್ಮಣ್ಣನನ್ನು ಕ್ಷಮಿಸಿ ಎಂದೆ. ಅವರು, “ಶತ್ರು ಕೊಂದ ಅಂದ್ಕೊಂಡು ನೆಮ್ಮದಿಯಾಗಿದ್ದೆ ಕಣಮ್ಮ. ಇದನ್ನ ಹೇಳೋಕೆ ಇಷ್ಟು ದೂರ ಬಂದ್ಯಾ?” ಎಂದು ಗೋಡೆಯ ಕಡೆ ಹೊರಳಿದರು. ಸಾಯುವವರ ಕೈಗೆ ನಾನು ಒಂದು ಸುಳ್ಳನ್ನು ಕೊಟ್ಟು ಬಂದೆ. ನಿಮ್ಮ ಕಾಗದ ನಾಲ್ಕು ತಿಂಗಳು ಮುಂಚೆ ಬಂದಿದ್ದರೆ ನಾನು ಆ ಬಸ್ಸು ಹತ್ತುತ್ತಿರಲಿಲ್ಲ.

ಲಾಳವನ್ನು ಇಟ್ಟಾಗ ನಿಮಗೆ ಇಪ್ಪತ್ತೊಂದು ವರ್ಷ. ಅದಕ್ಕೆ ನಿಮ್ಮ ಮೇಲೆ ಕೋಪ ಮಾಡಿಕೊಳ್ಳಲು ಪ್ರಯತ್ನಿಸಿದೆ, ಆಗಲಿಲ್ಲ. ಸುಮ್ಮನಿದ್ದಾಗ ನಿಮಗೆ ಅರವತ್ತು.

ಪುಸ್ತಕವನ್ನು ಮರುಮುದ್ರಿಸುವುದಿಲ್ಲವಂತೆ. ಒಂದು ತಿದ್ದುಪಡಿ ಚೀಟಿ ಅಚ್ಚುಹಾಕಿಸಿ ಅಂಟಿಸಲು ಒಪ್ಪಿದ್ದಾರೆ. ಸಂಪಾದಕರ ಕರಡು ಇದು: ‘ಸ್ಥಳೀಯ ಕೂಲಿಯೊಬ್ಬನು ಸದುದ್ದೇಶದಿಂದ ಇಟ್ಟ ಕಬ್ಬಿಣದ ವಸ್ತುವಿನಿಂದ ದಿಕ್ಸೂಚಿಯು ವ್ಯತ್ಯಾಸಗೊಂಡಿರುವ ಸಾಧ್ಯತೆಯಿದೆ.’ ಒಪ್ಪಿಗೆಯಿದ್ದರೆ ಸಹಿ ಮಾಡಿ ಕಳಿಸಿ.

ವಿ. ಕೆಟಲ್‌ವೆಲ್


ಇಸ್ಮಾಯಿಲಿಯಾ
೨೨ ಮಾರ್ಚ್ ೧೯೮೨

ಮಾನ್ಯ ಮಿಸ್ ಕೆಟಲ್‌ವೆಲ್ ಅವರಿಗೆ,

ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀವು ಉತ್ತರ ಬರೆಯಬೇಕಾಗುತ್ತದೆ.

ಕರಡಿಗೆ ಸಹಿ ಹಾಕಿಲ್ಲ. ನನ್ನ ಇಂಗ್ಲಿಷ್ ಅರ್ಧವಾದರೂ ಮೂರು ತಪ್ಪು ಕಂಡವು. ‘ಸಾಧ್ಯತೆಯಿದೆ’ ಎಂದರೆ ಅರ್ಧ ತಪ್ಪು ಇನ್ನೂ ಮಿಸ್ಟರ್ ಎಡ್ವಿನ್ ತಲೆಯ ಮೇಲೇ ಉಳಿಯುತ್ತದೆ, ತೆಗೆಯಿರಿ. ‘ಸದುದ್ದೇಶ’ ತೆಗೆಯಿರಿ, ಉದ್ದೇಶ ಸೂಜಿಗೆ ತಿಳಿಯುವುದಿಲ್ಲ. ‘ಸ್ಥಳೀಯ ಕೂಲಿಯೊಬ್ಬ’ ಎಂಬುದನ್ನು ಸಂಪಾದಕರು ಮರ್ಯಾದೆಗಾಗಿ ಬರೆದಿರಬಹುದು. ನಿಮ್ಮಣ್ಣನ ತಪ್ಪು ಎಂದಾಗ ಪೂರ್ತಿ ಹೆಸರು ಹಾಕಿದ್ದರಲ್ಲ? ನನ್ನದನ್ನೂ ಹಾಕಲಿ, ಅಪ್ಪನ ಹೆಸರು ಸಮೇತ, ಊರು ಸಮೇತ. ನನ್ನ ಮಗ, “ಅಪ್ಪಾ, ಪುಸ್ತಕದಲ್ಲಿ ನಮ್ಮ ಮನೆ ಹೆಸರು ಕೆಡುತ್ತೆ, ಯಾಕೆ ಬೇಕು?” ಎಂದ. “ಅವರ ಮನೆ ಹೆಸರು ಕೆಟ್ಟಿದೆಯಲ್ಲೋ” ಎಂದೆ.

ಒಂದು ಸಂಗತಿ ಮಾತ್ರ ನಿಮ್ಮಲ್ಲೇ ಇರಲಿ, ಅಚ್ಚಿಗೆ ಬೇಡ. ಲಾಳ ನನ್ನ ಕೈಗೆ ‘ಸಿಕ್ಕಿತ್ತು’ ಎಂದು ಬರೆದಿದ್ದೆ. ಕೊಟ್ಟವಳು ದೌಲತ್. ಗಾಡಿಯವನ ಮಗಳು ಅವಳೇ, ಆಗ ನಮಗೆ ನಿಶ್ಚಿತಾರ್ಥವಾಗಿತ್ತು. ಮಧ್ಯಾಹ್ನ ಫೋಟೋದ ಸುದ್ದಿ ಹೇಳಿದಾಗ ಎದೆ ಬಡಿದುಕೊಂಡಳು: “ನಲವತ್ತೊಂದು ಅಂತ ಎಣಿಸಿ ಹೇಳಿದ್ನಾ? ಅಯ್ಯೋ ಅವನ ನಾಲಿಗೆ ಬಿದ್ದುಹೋಗ! ಒಂದು ಮಣೀನೂ ಕಟ್ಟದೆ ಕಳಿಸ್ತಾರಲ್ಲ, ಆ ಇಂಗ್ಲಿಷ್ ತಾಯಂದಿರಿಗೆ ಮಕ್ಕಳ ಮೇಲೆ ಮಮತೆ ಇಲ್ವಾ? ತಗೊಳ್ಳಿ, ಇದನ್ನ ಒಳಗೆ ಹಾಕಿ ಹೊಲೀರಿ.”

ಐವತ್ತೊಂದರಲ್ಲಿ ರಿಯಾದ್ ಎಫೆಂದಿ ಅಂದದ್ದನ್ನು ಅವಳಿಗೂ ಹೇಳಿದೆ. ಅವಳು ಮಕ್ಕಳ ಕೊರಳಿನ ಮಣಿ, ತೊಟ್ಟಿಲಿನ ತಾಯಿತ ಎಲ್ಲವನ್ನೂ ಬಿಚ್ಚಿ ಕಾಲುವೆಗೆ ಹಾಕಿ ಬಂದಳು. ಮಕ್ಕಳ ಮೇಲೆ ಮಮತೆಯಿಲ್ಲದವಳು ಎಂದು ಕೇರಿಯವರು ಆಡಿಕೊಂಡರು. ಸಾಯುವ ವಾರ ನನ್ನ ಕೈ ಹಿಡಿದು, “ಆ ತಾಯಂದಿರಿಗೆ ಬರೀಬೇಡಿ. ಅವರಿಗೆ ಸಮುದ್ರವೇ ಇರಲಿ” ಎಂದಳು. ಅವಳ ಮಾತು ಮೀರಿ ಬರೆದೆ. ಬರೆದೂ ನಿಜ ಹೇಳಲಿಲ್ಲ. ಎರಡೂ ಕೆಟ್ಟವು.

ಶಹಾತಾ ಅಬ್ದೆಲ್ ಗವ್ವಾದ್


ಲೌತ್
೩೦ ಏಪ್ರಿಲ್ ೧೯೮೨

ಶಹಾತಾ ಅವರೇ,

ಸಂಪಾದಕರು ಮೂರು ವಾರ ವಾದ ಮಾಡಿ ಒಪ್ಪಿದರು. ಚೀಟಿ ಹೀಗಿದೆ:

‘ಪುಟ ೭೧ಕ್ಕೆ ತಿದ್ದುಪಡಿ. ಕ್ಯೂ ಅಕ್ಷರದ ವಿಮಾನ ೨೬ ಆಗಸ್ಟ್ ೧೯೪೨ರಂದು ದಾರಿ ತಪ್ಪಿದ್ದು ದಿಕ್ಸೂಚಿಯ ಬಳಿ ಇದ್ದ ಕಬ್ಬಿಣದ ಲಾಳದಿಂದ. ಅದನ್ನು ಅಲ್ಲಿಟ್ಟವರು ಇಸ್ಮಾಯಿಲಿಯಾದ ದರ್ಜಿ ಅಬ್ದೆಲ್ ಗವ್ವಾದ್ ಅವರ ಮಗ ಶಹಾತಾ. ಇದನ್ನು ತಿಳಿಸಿದವರೂ ಅವರೇ. ನ್ಯಾವಿಗೇಟರ್ ಎಡ್ವಿನ್ ಕೆಟಲ್‌ವೆಲ್ ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ.’

‘ತಿಳಿಸಿದವರೂ ಅವರೇ’ ಎಂಬ ಸಾಲು ನಾನು ಸೇರಿಸಿದ್ದು. ಅದೂ ನಿಜವಾದ್ದರಿಂದ ಸೇರಿಸಿದೆ. ನಿಮ್ಮ ಹೆಂಡತಿಯ ಹೆಸರನ್ನು ಯಾರಿಗೂ ಹೇಳಿಲ್ಲ.

ಮಾರಾಟವಾಗಿದ್ದ ಪ್ರತಿಗಳ ವಿಳಾಸ ಪಡೆದು ಒಬ್ಬೊಬ್ಬರಿಗೂ ಚೀಟಿ ಕಳಿಸುತ್ತಿದ್ದೇನೆ. ಕೆಲವು ವಿಳಾಸದಾರರಿಲ್ಲ ಎಂದು ಹಿಂದಕ್ಕೆ ಬರುತ್ತಿವೆ. ನಿಮ್ಮ ಪ್ರತಿಯನ್ನು ಬೇರೆ ಅಂಚೆಯಲ್ಲಿ ಕಳಿಸಿದ್ದೇನೆ, ಚೀಟಿಯನ್ನು ನೀವೇ ಅಂಟಿಸಿಕೊಳ್ಳಿ. ಇನ್ನು ಸ್ವಲ್ಪ ಕಾಲ ನನಗೆ ಬರೆಯಬೇಡಿ.

ಐವಿಯವರಿಗೆ ಬೇರೆ ಯಾರೂ ಇರದಿದ್ದುದರಿಂದ ಆಸ್ಪತ್ರೆಯವರು ಅವರ ಪುಸ್ತಕವನ್ನು ನನಗೇ ಹಿಂದಿರುಗಿಸಿದ್ದಾರೆ. ಎಪ್ಪತ್ತೊಂದನೆಯ ಪುಟದ ಮೂಲೆ ಮಡಚಿತ್ತು. ನಾನು ಹೊರಟು ಬಂದ ಮೇಲೆ ಮತ್ತೆ ತೆಗೆದು ಓದಿದ್ದಾರೆ. ಆ ಪ್ರತಿಗೂ ಒಂದು ಚೀಟಿ ಅಂಟಿಸಿದೆ.

ವಿನಿಫ್ರೆಡ್ ಕೆಟಲ್‌ವೆಲ್